ಕುದಿಸಿದ ಮೇಲೆ ಗಡಸುತನ ಜಾಸ್ತಿ ಬಂದರೆ ಎಲ್ಲಿ ತಪ್ಪಿದೆ?

ಶಿವಮೊಗ್ಗದ ನನ್ನ ರೂಮಿನಲ್ಲಿ ಬೋರ್‌ವೆಲ್ ನೀರು. ಬಕೆಟ್‌ಗೆ ಇಳಿಬಿಡುವ ಕಾಯಿಲ್ ಮೇಲೆ ಎರಡೇ ತಿಂಗಳಿಗೆ ಬಿಳಿ ಚಿಪ್ಪು ಕಟ್ಟಿದೆ. ತೀರ್ಥಹಳ್ಳಿ ಕಡೆ ಅಜ್ಜಿ ಮನೆಯಲ್ಲಿ ಗುಡ್ಡದಿಂದ ಬರುವ ಅಬ್ಬಿ ನೀರು. ಅಲ್ಲಿ ಎಷ್ಟು ಚೊಂಬು ಹೊಯ್ದುಕೊಂಡರೂ ಮೈಮೇಲಿನ ಸೋಪಿನ ಜಾರು ಹೋಗಲ್ಲ. ಹಂಡೆಯಲ್ಲಿ ಚಿಪ್ಪೂ ಇಲ್ಲ. ಗಡಸು ನೀರಿನ (ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು ಕರಗಿರುವ ನೀರಿನ) ಪ್ರಯೋಗ ಬಂದಾಗ ಎರಡನ್ನೂ ಒಂದೊಂದು ಬಾಟಲಿ ಲ್ಯಾಬಿಗೆ ಒಯ್ದೆ.

ವಿಧಾನ ಎಲ್ಲರಿಗೂ ಗೊತ್ತಿರುವುದೇ. 50 ಮಿ.ಲೀ. ನೀರು, ಪಿಎಚ್ 10ರ ಅಮೋನಿಯಾ ಬಫರ್ (ಮೂಗು ಹತ್ತಿರ ತರಬೇಡಿ), ಬಣ್ಣ ಬದಲಿಸಿ ಸೂಚನೆ ಕೊಡುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಒಂದು ಚಿಟಿಕೆ. ಬ್ಯುರೆಟ್‌ನಲ್ಲಿ (ಅಳತೆ ಗುರುತಿರುವ, ಕೊಳಾಯಿ ಇರುವ ಗಾಜಿನ ಕೊಳವೆ) ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ 0.01 ಮೋಲಾರ್ ಇಡಿಟಿಎ. ದ್ರಾಕ್ಷಿ ಕೆಂಪಿನಿಂದ ಶುದ್ಧ ನೀಲಿಗೆ ತಿರುಗಬೇಕು. ನಡುವೆ ಒಂದು ನೇರಳೆ ಬರುತ್ತದೆ, ಅದು ಎಂಡ್ ಪಾಯಿಂಟ್ (ನಿಲ್ಲಿಸಬೇಕಾದ ಹಂತ) ಅಲ್ಲ. ಅಲ್ಲಿಂದ ಹನಿ ಹನಿಯಾಗಿ ಬಿಡಿ.

ಲೆಕ್ಕಕ್ಕೆ ನನ್ನ ಅಚ್ಚುಮೆಚ್ಚಿನ ದಾರಿ: ಬ್ಯುರೆಟ್ ರೀಡಿಂಗ್ ಗುಣಿಸು 20. ಅಷ್ಟೇ. 0.01 ಮೋಲಾರ್ ಇಡಿಟಿಎ 1 ಮಿ.ಲೀ. ಹಿಡಿಯುವುದು ಸರಿಯಾಗಿ 1 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್‌ನಷ್ಟು ಗಡಸುತನ. 50 ಮಿ.ಲೀ.ಯದ್ದನ್ನು ಲೀಟರಿಗೆ ಏರಿಸಲು 20. ಇಡಿಟಿಎ 0.012 ಇದ್ದರೆ 20ರ ಬದಲು 24. ಇದನ್ನು ಮರೆತು ಕಣ್ಣುಮುಚ್ಚಿ 20 ಹಾಕಬೇಡಿ.

ಎಲ್ಲವನ್ನೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಯಾಕೆ ಹೇಳುತ್ತಾರೆ? ಹಸಿ ಅಡಿಕೆಯ ತೂಕ ಬೇರೆ, ಒಣ ಅಡಿಕೆಯ ತೂಕ ಬೇರೆ. ಮಾತಾಡುವಾಗ ಎಲ್ಲವನ್ನೂ ಒಣ ಅಡಿಕೆಗೆ ಇಳಿಸಿಕೊಳ್ಳುತ್ತೇವೆ ಅಲ್ವಾ, ಹಾಗೆ. 120 ಮಿ.ಗ್ರಾಂ. ಮೆಗ್ನೀಸಿಯಂ ಸಲ್ಫೇಟ್ ಅಂದರೂ 111 ಮಿ.ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ಅಂದರೂ ಗಡಸುತನ ಒಂದೇ, 100 ಮಿ.ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್‌ನ ಅಣುತೂಕ 100 ಆದ್ದರಿಂದ ಲೆಕ್ಕ ಸಲೀಸು.

ಅಬ್ಬಿ ನೀರಿಗೆ ಬರೀ 0.9 ಮಿ.ಲೀ. ಸಾಕಾಯಿತು, ಅಂದರೆ 18 ಪಿಪಿಎಂ (ಲೀಟರಿಗೆ 18 ಮಿ.ಗ್ರಾಂ.). ಮೊದಲ ಸಲ ಸುಮ್ನೆ ಕೊಳಾಯಿ ತಿರುಗಿಸಿದವನು ನೀಲಿಯನ್ನು ದಾಟಿ ಎಷ್ಟೋ ಮುಂದೆ ಹೋಗಿದ್ದೆ. ಇಂಥ ಮೆದು ನೀರಿಗೆ 100 ಮಿ.ಲೀ. ತಗೊಂಡು 10ರಿಂದ ಗುಣಿಸುವುದು ವಾಸಿ. ಬೋರ್‌ವೆಲ್ ನೀರಿಗೆ 16.2 ಮಿ.ಲೀ., 324 ಪಿಪಿಎಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ (ಐಎಸ್ 10500) 200ರವರೆಗೆ ಒಪ್ಪಿಗೆ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ.

ಇಲ್ಲಿಯವರೆಗೆ ಸುಖ. ಆಮೇಲೆ ಶಾಶ್ವತ ಗಡಸುತನ, ಅಂದರೆ ಕುದಿಸಿದರೂ ಹೋಗದ್ದು. ಕುದಿಸಿದರೆ ಬೈಕಾರ್ಬೊನೇಟ್‌ಗಳು ಒಡೆದು ಕೆಳಗೆ ಕೂರುತ್ತವೆ. ಸೋಸಿ, ಉಳಿದ ನೀರನ್ನು ಇದೇ ರೀತಿ ಇಡಿಟಿಎ ಬಿಟ್ಟು ಟೈಟ್ರೇಟ್ ಮಾಡಿದರೆ ಸಿಗುವುದು ಕ್ಲೋರೈಡ್, ಸಲ್ಫೇಟ್‌ಗಳ ಪಾಲು. ನಾನು 100 ಮಿ.ಲೀ. ಬೋರ್‌ವೆಲ್ ನೀರನ್ನು ಅರ್ಧ ಗಂಟೆ ಕುದಿಸಿದೆ, ಆರಿಸಿದೆ, ಸೋಸಿದೆ, ಅದರಿಂದ 50 ಮಿ.ಲೀ. ಪಿಪೆಟ್ ಮಾಡಿದೆ. ರೀಡಿಂಗ್ 17.5. ಅಂದರೆ 350 ಪಿಪಿಎಂ!

ಒಟ್ಟು 324, ಅದರೊಳಗಿನ ಒಂದು ಪಾಲು 350. ಬಫರ್ ಹಾಳಾಗಿದೆ ಅಂದುಕೊಂಡೆ, ಬ್ಯುರೆಟ್ ಬದಲಿಸಿದೆ. ಮತ್ತೆ ಅದೇ. ಪಕ್ಕದವನು ನನ್ನ ಬೀಕರ್ ನೋಡಿ ಕೇಳಿದ, ‘ಮಾರ್ಕ್ ತನಕ ಮೇಕಪ್ ಮಾಡಿದ್ಯಾ ಮಾರಾಯ?’

ಇಲ್ಲ, ಕಡಿಮೆಯಾದಷ್ಟು ನೀರು ತುಂಬಿ ಮೊದಲಿನ ಅಳತೆಗೆ ತಂದಿರಲಿಲ್ಲ. ಕುದಿಯುವಾಗ ಹೋದದ್ದು ನೀರು ಮಾತ್ರ, ಉಪ್ಪು ಹೋಗಲ್ಲ. 100 ಮಿ.ಲೀ. ಇದ್ದದ್ದು ಸುಮಾರು 60ಕ್ಕೆ ಇಳಿದಿತ್ತು. ಸಾರು ಕುದಿದು ಕುದಿದು ಉಪ್ಪಾಗುತ್ತದಲ್ಲ, ಅದೇ ಕಥೆ. 60 ಮಿ.ಲೀ.ಯಲ್ಲಿ 21 ಮಿ.ಗ್ರಾಂ. ಇದೆ, ಹಾಗಾಗಿ ಲೀಟರಿಗೆ 350 ಅಂತ ಕಾಣುತ್ತದೆ. ಅದೇ 21 ಮಿ.ಗ್ರಾಂ. ಮೊದಲಿನ 100 ಮಿ.ಲೀ.ಯಲ್ಲೇ ಇದ್ದಿದ್ದರೆ 210. ಮರುದಿನ ಹೊಸದಾಗಿ ಕುದಿಸಿ, ಆರಿಸಿ, 100ರ ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೆ ಸೋಸಿದೆ. ಬೀಕರನ್ನೂ ಫಿಲ್ಟರ್ ಪೇಪರನ್ನೂ ಸ್ವಲ್ಪ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಅದನ್ನೂ ಸೇರಿಸಿದೆ. ಮಾರ್ಕ್ ತನಕ ಡಿಸ್ಟಿಲ್ಡ್ ನೀರು ತುಂಬಿದೆ. ನಲ್ಲಿ ನೀರು ಹಾಕಿದರೆ ಹೊಸ ಗಡಸುತನವನ್ನು ನಾವೇ ಸೇರಿಸಿದಂತೆ. ಆರುವ ಮುಂಚೆ ಮೇಕಪ್ ಮಾಡಿದರೂ ಅಳತೆ ತಪ್ಪುತ್ತದೆ. ರೀಡಿಂಗ್ 10.5 ಬಂತು, 210 ಪಿಪಿಎಂ. ತಾತ್ಕಾಲಿಕ (ಕುದಿಸಿದರೆ ಹೋಗುವ) ಗಡಸುತನ 324ರಲ್ಲಿ 210 ಕಳೆದು 114. ಕಾಯಿಲ್ ಮೇಲಿನ ಚಿಪ್ಪು ಈ 114ರ ಮಗ. ಮೇಲೆ ನಿಂಬೆರಸ ಹಿಂಡಿದೆ, ಬುಸ್ ಅಂತ ಗುಳ್ಳೆ ಬಂತು. ಕಾರ್ಬೊನೇಟ್ ಅನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು.

ಗಡಸುತನ ತೆಗೆಯುವ ವಿಧಾನಗಳಲ್ಲಿ ಜಿಯೋಲೈಟ್ (ಒಂದು ಬಗೆಯ ಖನಿಜ) ಸುಲಭ: ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ದಣಿದಾಗ ಉಪ್ಪುನೀರು ಹಾಯಿಸಿದರೆ ಮತ್ತೆ ತಯಾರು. ತಲೆ ಕೆಡಿಸಿದ್ದು ಸುಣ್ಣ-ಸೋಡಾ ಲೆಕ್ಕದಲ್ಲಿ (ಸುಣ್ಣ ಮತ್ತು ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಹಾಕಿ ಗಡಸುತನ ಇಳಿಸುವ ವಿಧಾನ) ಬರುವ ‘ಎರಡು ಪಾಲು’. ತಾತ್ಕಾಲಿಕ ಕ್ಯಾಲ್ಸಿಯಂಗೆ ಒಂದು ಪಾಲು ಸುಣ್ಣ, ತಾತ್ಕಾಲಿಕ ಮೆಗ್ನೀಸಿಯಂಗೆ ಎರಡು ಪಾಲು. ಯಾಕೆಂದರೆ ಮೊದಲ ಪಾಲಿಗೆ ಹುಟ್ಟುವ ಮೆಗ್ನೀಸಿಯಂ ಕಾರ್ಬೊನೇಟ್ ಕ್ಯಾಲ್ಸಿಯಂನದ್ದರಂತೆ ತಳಕ್ಕೆ ಕೂರದೆ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಇನ್ನೊಂದು ಪಾಲು ಹಾಕಿ ಹೈಡ್ರಾಕ್ಸೈಡ್ ಮಾಡಿದರೆ ಆಗ ಕೂರುತ್ತದೆ. ಶಾಶ್ವತ ಮೆಗ್ನೀಸಿಯಂಗೆ ಸುಣ್ಣ ಒಂದು, ಸೋಡಾ ಒಂದು: ಸುಣ್ಣ ಮೆಗ್ನೀಸಿಯಂ ಅನ್ನು ಇಳಿಸಿ ಆ ಜಾಗದಲ್ಲಿ ಕ್ಯಾಲ್ಸಿಯಂ ಬಿಟ್ಟು ಹೋಗುತ್ತದೆ, ಅದನ್ನು ತೆಗೆಯಲು ಸೋಡಾ. ಶಾಶ್ವತ ಕ್ಯಾಲ್ಸಿಯಂಗೆ ಸೋಡಾ ಮಾತ್ರ. ಕೊನೆಗೆ ಸುಣ್ಣದ ಮೊತ್ತವನ್ನು 74/100ರಿಂದ, ಸೋಡಾದ್ದನ್ನು 106/100ರಿಂದ ಗುಣಿಸಿ (74, 106 ಅವುಗಳ ಅಣುತೂಕ). ಪ್ರಶ್ನೆಯಲ್ಲಿ ಸೋಡಿಯಂ ಕ್ಲೋರೈಡ್ ಕೊಟ್ಟಿದ್ದರೆ ಅದು ಸುಮ್ನೆ ಕೊಟ್ಟದ್ದು, ಹೊಡೆದುಹಾಕಿ.