ಬೋಲಸ್: ತುತ್ತಿನ ಹೆಸರು ಹೊತ್ತ ಇನ್ಸುಲಿನ್

ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬರೆದುಕೊಡುವಾಗ ವೈದ್ಯರು ‘ಬೇಸಲ್’, ‘ಬೋಲಸ್’ ಎಂಬ ಎರಡು ಮಾತು ಆಡುತ್ತಾರೆ. ಉಂಡರೂ ಉಪವಾಸವಿದ್ದರೂ ದೇಹಕ್ಕೆ ದಿನವಿಡೀ ಬೇಕಾದದ್ದು ಬೇಸಲ್. ಬೋಲಸ್ ಊಟದ ಲೆಕ್ಕದ್ದು. ಗ್ರೀಕ್ ಮೂಲದ ಈ ಪದಕ್ಕೆ ಮಣ್ಣಿನ ಹೆಂಟೆ, ಉಂಡೆ ಎಂದು ಅರ್ಥ. ಜಗಿದು ನುಂಗಲು ಸಿದ್ಧವಾದ ತುತ್ತನ್ನೂ ವೈದ್ಯಶಾಸ್ತ್ರ ಬೋಲಸ್ ಎಂದೇ ಕರೆಯುತ್ತದೆ. ಮುದ್ದೆ ಮುರಿದು ನುಂಗುವ ನಮಗೆ ಇದರ ಚಿತ್ರ ಬಿಡಿಸಿ ತೋರಿಸಬೇಕಾಗಿಲ್ಲ.

ಬೋಲಸ್‌ಗೆ ಬಳಸುವ ಹಳೆಯ ‘ರೆಗ್ಯುಲರ್’ ಇನ್ಸುಲಿನ್‌ನ ಅಣುಗಳು ಆರಾರು ಕೂಡಿ ಅಂಟಿಕೊಂಡಿರುತ್ತವೆ. ಅವು ಬಿಡಿಯಾಗಿ ರಕ್ತ ಸೇರಲು ಹೊತ್ತು ಹಿಡಿಯುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ಚುಚ್ಚಿಕೊಳ್ಳಬೇಕು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಿಸ್ಪ್ರೋ ಎಂಬ ಇನ್ಸುಲಿನ್‌ನಲ್ಲಿ ಲೈಸಿನ್, ಪ್ರೋಲಿನ್ ಎಂಬ ಎರಡು ಅಮೈನೋ ಆಮ್ಲಗಳ ಜಾಗ ಅದಲುಬದಲಾಗಿದೆ, ಹೆಸರೂ ಅವುಗಳದೇ. ಅಷ್ಟಕ್ಕೇ ಆ ಅಂಟು ಸಡಿಲವಾಯಿತು. ಲಿಸ್ಪ್ರೋ ಮತ್ತು ಅದರಂಥವೇ ಆದ ಆಸ್ಪಾರ್ಟ್, ಗ್ಲುಲಿಸಿನ್ ಸುಮಾರು 15 ನಿಮಿಷದಲ್ಲಿ ಕೆಲಸ ಶುರು ಮಾಡುತ್ತವೆ. ಒಂದೆರಡು ಗಂಟೆಯಲ್ಲಿ ಅವುಗಳ ಬಿರುಸು ಹೆಚ್ಚು. ಮೂರರಿಂದ ಐದು ಗಂಟೆಯವರೆಗೆ ಪ್ರಭಾವ ಉಳಿಯುತ್ತದೆ.

ಈ ಬಿರುಸೇ ಅಪಾಯವೂ ಹೌದು. ಮದುವೆ ಮನೆಯಲ್ಲಿ ‘ಎಲೆ ಹಾಕಿದರು’ ಎಂದು ಯಾರೋ ಕೂಗಿದ್ದು ಕೇಳಿ ಚುಚ್ಚಿಕೊಂಡಿರಿ ಎನ್ನಿ. ಮೊದಲ ಪಂಕ್ತಿಯಲ್ಲಿ ಜಾಗ ಸಿಗಲಿಲ್ಲ. ಎರಡನೆಯದರಲ್ಲಿ ಕುಳಿತರೆ ಉಪ್ಪು, ಕೋಸಂಬರಿ, ಪಲ್ಯ ಬಂದವು, ಅನ್ನದ ಸುಳಿವಿಲ್ಲ. ಅಷ್ಟರಲ್ಲಿ ಬೆವರು, ಕೈನಡುಕ, ಎದೆಬಡಿತ, ತಲೆಗೆ ಮಂಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಸಂಕೋಚ ಬಿಟ್ಟು ಮೂರು ನಾಲ್ಕು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ಆಸ್ಪತ್ರೆಗೆ ಒಯ್ಯಬೇಕು. ಅನ್ನ ಎಲೆಗೆ ಬೀಳುವ ತನಕ ಇನ್ಸುಲಿನ್ ಚುಚ್ಚುವ ಪೆನ್ನು ಜೇಬಿನಲ್ಲೇ ಇರಲಿ. ಊಟ ಬಿಟ್ಟ ಹೊತ್ತಿಗೆ ಆ ಊಟದ ಬೋಲಸ್ ಬೇಡ. ಬೇಸಲ್ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್ನೊಂದು ತಪ್ಪು ಆತುರದ್ದು. ಉಂಡ ಒಂದು ಗಂಟೆಗೇ ಸಕ್ಕರೆ ನೋಡಿ, ಏರಿದೆ ಎಂದು ಗಾಬರಿಯಾಗಿ ಮತ್ತೆ ಚುಚ್ಚಿಕೊಳ್ಳುವುದು. ಮೊದಲಿನದು ಇನ್ನೂ ಕೆಲಸ ಮುಗಿಸಿರುವುದಿಲ್ಲ. ಒಂದರ ಮೇಲೊಂದು ಪೇರಿಸಿದರೆ ಎರಡೂ ಸೇರಿ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತವೆ.

ನಮ್ಮ ದೇಶದಲ್ಲಿ ಸಿರಿಂಜಿನ ಗೊಂದಲ ಬೇರೆ. ಇಲ್ಲಿ ಬಾಟಲಿಯ ಇನ್ಸುಲಿನ್‌ನಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದರಲ್ಲಿ 100. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆಯದು 100ಕ್ಕೆ. ಪೆನ್ನು ಕೆಟ್ಟಿತೆಂದು ಅದರ ಮದ್ದನ್ನು ಕೆಂಪು ಸಿರಿಂಜಿಗೆ 10ರ ಗೀಟಿನವರೆಗೆ ಎಳೆದರೆ ಒಳಗೆ ಹೋಗುವುದು 10 ಅಲ್ಲ, 25 ಯೂನಿಟ್.