ಮುಚ್ಚದ ಕಣ್ಣಿಗೆ ಹೊಲಿಗೆ, ಸ್ನಾಯು, ಬಂಗಾರ

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿಕೊಂಡರೆ ಬಾಯಿ ಸೊಟ್ಟ. ‘ಲಕ್ವ ಹೊಡೆದಿದೆ’ ಎಂದು ಮನೆಯವರಿಗೆ ಗಾಬರಿ. ನೋಡಲು ಬಂದವರ ದೃಷ್ಟಿಯೆಲ್ಲ ಬಾಯಿಯ ಮೇಲೆಯೇ. ಕಣ್ಣಿನ ಡಾಕ್ಟರು ಮಾತ್ರ ‘ಎರಡೂ ಕಣ್ಣು ಮುಚ್ಚಿ’ ಎನ್ನುತ್ತಾರೆ. ಒಂದು ಮುಚ್ಚುತ್ತದೆ. ಇನ್ನೊಂದರಲ್ಲಿ ಗುಡ್ಡೆ ಮೇಲಕ್ಕೆ ಹೊರಳಿ, ಅರೆತೆರೆದ ರೆಪ್ಪೆಗಳ ನಡುವೆ ಬಿಳಿಭಾಗ ಇಣುಕುತ್ತದೆ. ಬಾಯಿ ಸೊಟ್ಟಾದರೆ ಮುಖದ ಅಂದ ಕೆಡಬಹುದು, ಅಷ್ಟೆ. ಕಣ್ಣು ಮುಚ್ಚದಿದ್ದರೆ ದೃಷ್ಟಿಯೇ ಹೋಗಬಹುದು.

ರೆಪ್ಪೆಯ ಬಾಗಿಲು ತೆರೆಯುವವನೊಬ್ಬ, ಮುಚ್ಚುವವನೊಬ್ಬ. ಮೇಲೆತ್ತುವ ಸ್ನಾಯುವಿಗೆ ಅಪ್ಪಣೆ ಬರುವುದು ಮಿದುಳಿನ 3ನೇ ನರದಿಂದ. ಕಣ್ಣ ಸುತ್ತ ಬಳೆಯಂತಿರುವ, ಮುಚ್ಚುವ ಸ್ನಾಯುವಿಗೆ 7ನೇ ನರದಿಂದ. ಈ 7ನೇ ನರ ಸೋತಾಗ ಬಾಗಿಲು ತೆರೆಯುವವನು ಗಟ್ಟಿಯಾಗಿಯೇ ಇರುತ್ತಾನೆ, ಮುಚ್ಚುವವನಿಲ್ಲ. ನಿಮಿಷಕ್ಕೆ ಹದಿನೈದು ಸಲವೋ ಏನೋ ಕಣ್ಣೀರನ್ನು ಸವರುತ್ತಿದ್ದ ರೆಪ್ಪೆ ನಿಂತುಬಿಟ್ಟರೆ ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾ ಒಣಗುತ್ತದೆ, ಹುಣ್ಣಾಗುತ್ತದೆ, ಕೊನೆಗೆ ಹಳ್ಳಿಯವರು ಹೇಳುವಂತೆ ‘ಕಣ್ಣಲ್ಲಿ ಹೂ ಬೀಳುತ್ತದೆ’. ನಮ್ಮ ಪುರಾಣಗಳಲ್ಲಿ ಎವೆಯಿಕ್ಕದವರು ದೇವತೆಗಳು, ಅನಿಮಿಷರು. ಗ್ರೀಕರಿಗೆ ನೆನಪಾದದ್ದು ಮೊಲ. ಅದು ಕಣ್ಣು ಬಿಟ್ಟುಕೊಂಡೇ ಮಲಗುತ್ತದೆಂದು ನಂಬಿ ಈ ತೊಂದರೆಗೆ ‘ಮೊಲಗಣ್ಣು’ ಎಂಬರ್ಥದ ಹೆಸರಿಟ್ಟರು. ವೈದ್ಯರು ಇವತ್ತಿಗೂ ‘ಲ್ಯಾಗಾಫ್ಥಾಲ್ಮಸ್’ ಎಂದೇ ಬರೆಯುತ್ತಾರೆ.

ಮುಖ ಸೊಟ್ಟಾಗುವುದನ್ನು ಆಯುರ್ವೇದ ‘ಅರ್ದಿತ’ವೆಂದು ಗುರುತಿಸಿತ್ತು, ಪರ್ಷಿಯಾದ ವೈದ್ಯ ಅಲ್ ರಾಝಿಯೂ ವಿವರಿಸಿದ್ದ. ಅದನ್ನು ಒಂದು ನಿರ್ದಿಷ್ಟ ನರಕ್ಕೆ ಗಂಟುಹಾಕಿ ತೋರಿಸಿದ್ದು ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್, 1821ರಲ್ಲಿ. ಕಾರಣ ತಿಳಿಯದೆ ಏಕಾಏಕಿ ಬರುವ ಮುಖದ ಲಕ್ವಕ್ಕೆ ‘ಬೆಲ್ಸ್ ಪಾಲ್ಸಿ’ ಎನ್ನುವುದು ಅವನ ಹೆಸರಿನಿಂದಲೇ. ಗುಡ್ಡೆ ಮೇಲಕ್ಕೆ ಹೊರಳುವುದಕ್ಕೂ ಅವನದೇ ಹೆಸರು. ಅದು ಪ್ರಕೃತಿ ಕೊಟ್ಟ ಸಣ್ಣ ರಕ್ಷಣೆ: ರೆಪ್ಪೆ ಬಾರದಿದ್ದರೆ ಕಾರ್ನಿಯಾವೇ ರೆಪ್ಪೆಯಡಿಗೆ ಹೋಗಿ ಅಡಗುತ್ತದೆ. ಹೀಗೆ ಹೊರಳದ ಕಣ್ಣು ಕಂಡರೆ ವೈದ್ಯರು ತಡಮಾಡುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಸರ್ಜನ್‌ಗಳಿಗೆ ತೋಚಿದ ದಾರಿ ನೇರವಾದದ್ದು: ಮುಚ್ಚದಿದ್ದರೆ ಹೊಲಿದುಬಿಡಿ. ಮೇಲಿನ, ಕೆಳಗಿನ ರೆಪ್ಪೆಗಳ ಅಂಚನ್ನು ಕಿವಿಯ ಕಡೆಯ ಮೂಲೆಯಲ್ಲಿ ತುಸು ಕೆರೆದು ಜೋಡಿಸಿದರೆ ಅಲ್ಲಿ ಕೂಡಿಕೊಳ್ಳುತ್ತವೆ, ಕಣ್ಣಿನ ಸೀಳು ಕಿರಿದಾಗುತ್ತದೆ. ಇದೇ ಟಾರ್ಸೋರಫಿ. ಕಣ್ಣು ಉಳಿಯುತ್ತದೆ, ಆದರೆ ಪಕ್ಕದ ನೋಟಕ್ಕೆ ಕತ್ತರಿ ಬೀಳುತ್ತದೆ. ಒಂದು ಕಣ್ಣು ಚಿಕ್ಕದಾಗಿ ಕಾಣುವ ಮುಖವನ್ನು ಜನ ತಿರುಗಿ ತಿರುಗಿ ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ರೆಪ್ಪೆಗೆ ಚಲನೆಯಂತೂ ಮರಳಿ ಬರಲಿಲ್ಲ.

ಚಲನೆಯನ್ನು ಎಲ್ಲಿಂದಾದರೂ ಸಾಲ ತರಬಹುದೇ? ಪ್ಲಾಸ್ಟಿಕ್ ಸರ್ಜರಿಯ ಹಿರಿಯ ಹೆರಾಲ್ಡ್ ಗಿಲೀಸ್ 1934ರಲ್ಲಿ ಪ್ರಕಟಿಸಿದ ಉಪಾಯ ಇದು. ಹಲ್ಲು ಕಚ್ಚಿದಾಗ ಹಣೆಯ ಪಕ್ಕದಲ್ಲಿ ಬೆರಳಿಟ್ಟರೆ ಉಬ್ಬುವುದು ತಿಳಿಯುತ್ತದಲ್ಲ, ಆ ಟೆಂಪೊರಾಲಿಸ್ ಸ್ನಾಯುವಿಗೆ ಅಪ್ಪಣೆ ಬರುವುದು 5ನೇ ನರದಿಂದ. ಮುಖಕ್ಕೆ ಲಕ್ವ ಹೊಡೆದರೂ ಅದು ಕೆಲಸ ಮಾಡುತ್ತಿರುತ್ತದೆ. ಅದರಿಂದ ಒಂದು ಪಟ್ಟಿಯನ್ನು ಬಿಡಿಸಿ ಕಣ್ಣಿನತ್ತ ತಿರುಗಿಸಿ, ತುದಿಯನ್ನು ಎರಡಾಗಿ ಸೀಳಿ, ಎರಡೂ ರೆಪ್ಪೆಗಳೊಳಗೆ ಲಾಡಿ ಪೋಣಿಸಿದಂತೆ ದಾಟಿಸಿ, ಮೂಗಿನ ಪಕ್ಕದ ಮೂಲೆಯಲ್ಲಿ ಬಿಗಿಯುವುದು. ಆಮೇಲೆ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ.

ಈ ವಿದ್ಯೆ ಹೆಚ್ಚು ಪಳಗಿದ್ದು ಕುಷ್ಠರೋಗಿಗಳ ನಡುವೆ, ಅದರಲ್ಲೂ ಭಾರತದಂಥ ಕಡೆ. ಕುಷ್ಠದಲ್ಲಿ 7ನೇ ನರದ ಕವಲು ಸೋಲುವುದಲ್ಲದೆ ಕಾರ್ನಿಯಾದ ಸ್ಪರ್ಶವೂ ಹೋಗಬಹುದು. ನಿಮಗೋ ನನಗೋ ಧೂಳು ಬಿದ್ದರೆ ಕಣ್ಣು ಚುರುಗುಟ್ಟುತ್ತದೆ. ಅವರಿಗೆ ಹುಣ್ಣಾದರೂ ನೋವಿಲ್ಲ, ಹಾಗಾಗಿ ಆಸ್ಪತ್ರೆಗೆ ಬರುವ ಅವಸರವೂ ಇಲ್ಲ. ಮೊದಲೇ ಕೈಬೆರಳ ಸ್ಪರ್ಶ ಕಳೆದುಕೊಂಡವರಿಗೆ ಕಣ್ಣೂ ಹೋದರೆ ತಡವಿ ತಿಳಿಯುವ ದಾರಿಯೂ ಮುಚ್ಚಿತು. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಇಂಥವರ ಕೈಗಳನ್ನು ಸರಿಪಡಿಸುತ್ತಿದ್ದಾಗ, ಪತ್ನಿ ಮಾರ್ಗರೆಟ್ ಬ್ರಾಂಡ್ ಕಣ್ಣುಗಳ ಬೆನ್ನು ಹತ್ತಿದರು. ಗಿಲೀಸ್ ಬಳಿ ಕಲಿತು ಬಂದ ಎನ್.ಎಚ್. ಆಂಟಿಯಾ ಮುಂಬೈನಲ್ಲಿ ಕುಷ್ಠರೋಗಿಗಳ ಮುಖ ತಿದ್ದುವ ಶಸ್ತ್ರಚಿಕಿತ್ಸೆಗೆ ಇಳಿದರು. ಕುಷ್ಠರೋಗಿಗಳಿಗೆಂದೇ ಜಾನ್ಸನ್ ಎಂಬ ಸರ್ಜನ್ ಗಿಲೀಸ್ ಉಪಾಯಕ್ಕೆ ಮಾಡಿದ ಮಾರ್ಪಾಡು 1962ರಲ್ಲಿ ಪ್ರಕಟವಾಯಿತು.

ಶಸ್ತ್ರಚಿಕಿತ್ಸೆ ಮುಗಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆಗಾಗ ಹಲ್ಲು ಕಚ್ಚಿ ಕಣ್ಣು ಮುಚ್ಚುವುದನ್ನು ರೋಗಿ ರೂಢಿಸಿಕೊಳ್ಳಬೇಕು. ಊಟಕ್ಕೆ ಕೂತರೆ ಮಾತ್ರ ನೆನಪಿಸಬೇಕಾಗಿಲ್ಲ, ತುತ್ತು ಜಗಿದಂತೆಲ್ಲ ಕಣ್ಣು ಮಿಟುಕುತ್ತದೆ! ಎದುರಿಗೆ ಕೂತವರಿಗೆ ವಿಚಿತ್ರವೆನಿಸಬಹುದು, ಕಾರ್ನಿಯಾಕ್ಕೆ ಅದೇ ಹಬ್ಬ.

ಪಶ್ಚಿಮದ ದೇಶಗಳಲ್ಲಿ ಮುಖ್ಯ ರೋಗಿಗಳು ಬೇರೆ: ಕಿವಿಯ ನರದ ಗೆಡ್ಡೆ, ಕೆನ್ನೆಯ ಜೊಲ್ಲುಗ್ರಂಥಿಯ ಕ್ಯಾನ್ಸರ್ ತೆಗೆಯುವಾಗ ನರ ಕಳೆದುಕೊಂಡವರು. ಅಲ್ಲಿ ಯಂತ್ರೋಪಾಯಗಳು ಬಂದವು. ಫ್ರಾನ್ಸಿನ ಮೊರೆಲ್-ಫಾಟಿಯೊ 1960ರ ದಶಕದಲ್ಲಿ ರೆಪ್ಪೆಯೊಳಗೆ ತಂತಿಯ ಸ್ಪ್ರಿಂಗ್ ಇಟ್ಟ, ಆರಿಯೋನ್ 1972ರಲ್ಲಿ ಸಿಲಿಕೋನ್ ದಾರ ಸುತ್ತಿದ. ಗೆದ್ದದ್ದು ಬಂಗಾರ, ಮೇಲಿನ ರೆಪ್ಪೆಯೊಳಗೆ ಕೂರಿಸುವ ಪುಟ್ಟ ತೂಕ. 1958ರಲ್ಲೇ ಜರ್ಮನಿಯ ಇಲ್ಲಿಗ್ ಹೇಳಿದ್ದರೂ ಅದು ಬಳಕೆಗೆ ಬಂದದ್ದು 70ರ ದಶಕದಲ್ಲಿ, ಅಮೆರಿಕದ ಜೋಬ್ ಬರೆದ ಮೇಲೆ. ತೂಕ ಸುಮಾರು ಒಂದು ಗ್ರಾಂ, ಒಂದು ಮೂಗುಬೊಟ್ಟಿನಷ್ಟು. ಮೊದಲು ರೋಗಿಯನ್ನು ಕೂರಿಸಿ, ಬೇರೆ ಬೇರೆ ತೂಕಗಳನ್ನು ರೆಪ್ಪೆಯ ಮೇಲೆ ಅಂಟಿಸಿ ನೋಡುತ್ತಾರೆ. ಮುಚ್ಚಲೂ ಬೇಕು, ತೆರೆಯಲು ಭಾರವೂ ಆಗಬಾರದು. ಹೊಂದಿದ ತೂಕವನ್ನು ಚರ್ಮದಡಿ ಹೊಲಿಯುತ್ತಾರೆ. ತೆರೆಯುವವನು ಎಳೆಯುವುದನ್ನು ನಿಲ್ಲಿಸಿದ ಕೂಡಲೇ ಬಂಗಾರ ತಾನಾಗಿ ಇಳಿಯುತ್ತದೆ. ಒಂದೇ ಕೊರತೆ, ಇದು ಭೂಮಿಯ ಸೆಳೆತವನ್ನು ನಂಬಿದ ಉಪಾಯ. ಅಂಗಾತ ಮಲಗಿದರೆ ಕೆಲಸ ಕೆಡುತ್ತದೆ, ಎತ್ತರದ ದಿಂಬು ಬೇಕು. ಈಗ ಇನ್ನೂ ಸಾಂದ್ರವಾದ, ಹಾಗಾಗಿ ತೆಳುವಾಗಿ ಕೂರುವ ಪ್ಲಾಟಿನಂ ಕೂಡ ಇದೆ.

ಬೆಲ್ಸ್ ಪಾಲ್ಸಿಯ ಹತ್ತರಲ್ಲಿ ಏಳು ಮಂದಿ ತಾವಾಗಿಯೇ ಪೂರ್ತಿ ಗುಣವಾಗುತ್ತಾರೆ. ಅದಕ್ಕೇ ಮೊದಲು ಹನಿ, ಮುಲಾಮು, ರಾತ್ರಿ ರೆಪ್ಪೆಗೆ ಟೇಪು. ಕುಷ್ಠದ ಮಾತು ಬೇರೆ. ರಾಷ್ಟ್ರಮಟ್ಟದಲ್ಲಿ ಅದನ್ನು ಹತೋಟಿಗೆ ತಂದಿದ್ದೇವೆಂದು 2005ರ ಕೊನೆಗೆ ಸರ್ಕಾರ ಸಾರಿತು, ಆದರೂ ದೇಶದಲ್ಲಿ ವರ್ಷಕ್ಕೆ ಲಕ್ಷದಷ್ಟು ಹೊಸ ರೋಗಿಗಳು ಸಿಗುತ್ತಿದ್ದಾರೆ. ಸ್ನಾಯು ತಿರುಗಿಸುವ ಕೈಗಳು ಎಲ್ಲ ಊರಲ್ಲೂ ಇಲ್ಲ, ಬಂಗಾರವಂತೂ ದೂರದ ಮಾತು. ಅಂಥ ಕಡೆ ಇವತ್ತಿಗೂ ಕಣ್ಣು ಉಳಿಸುವುದು ಆ ಹಳೆಯ ಹೊಲಿಗೆಯೇ. ಮರಗಟ್ಟಿಸುವ ಒಂದು ಇಂಜೆಕ್ಷನ್, ಸೂಜಿ, ದಾರ ಇದ್ದರಾಯಿತು. ತಾತ್ಕಾಲಿಕವಾಗಿ ಹಾಕಿದ್ದಾದರೆ, ನರ ಚೇತರಿಸಿಕೊಂಡ ದಿನ ದಾರ ಕತ್ತರಿಸಿ ಬಿಡಿಸಿದರಾಯಿತು.