ಪಿನಿಯನ್ ಬೇರಿಂಗಿಗೆ ಎಷ್ಟು ಬಿಗಿ?

ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಪಿನಿಯನ್, ಅಂದರೆ ಗಾಡಿಯ ಹಿಂದಿನ ಆಕ್ಸಲಿನಲ್ಲಿರುವ ಚಿಕ್ಕ ಹಲ್ಲುಗಾಲಿ, ಅದರ ನಟ್ ಬಿಗಿಯುವುದನ್ನು ನಿಂತು ನೋಡಬೇಕು. ಸ್ಪ್ಯಾನರಿಗೆ ಉದ್ದನೆಯ ಪೈಪು ತೊಡಿಸಿ ಮೈಭಾರವೆಲ್ಲ ಹಾಕಿ ಅದುಮುತ್ತಾರೆ. ಆದರೆ ಬಿಗಿ ಸರಿಯಾಯಿತೇ ಎಂದು ಹೇಳುವುದು ನಟ್ಟಲ್ಲ, ಪಿನಿಯನ್ ತಿರುಗುವ ಬಗೆ.

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಚಾಚಿದ ಪ್ರೊಪೆಲ್ಲರ್ ಶಾಫ್ಟಿನಿಂದ ಬಂದ ಶಕ್ತಿಯನ್ನು ಪಿನಿಯನ್ ತನಗೆ ಕೂಡುವ ದೊಡ್ಡ ಹಲ್ಲುಗಾಲಿಗೆ, ಅಂದರೆ ಕ್ರೌನ್ ವ್ಹೀಲಿಗೆ, ದಾಟಿಸುತ್ತದೆ. ಹಲ್ಲುಗಳು ಓರೆಯಾಗಿರುವುದರಿಂದ ಆಕ್ಸಿಲರೇಟರ್ ಒತ್ತಿದಾಗ ಅದು ಒಂದು ಕಡೆಗೆ ಜರುಗಲು ನೋಡುತ್ತದೆ, ಬಿಟ್ಟಾಗ ಇನ್ನೊಂದು ಕಡೆಗೆ. ಹಿಡಿದಿಡಲು ಎರಡು ಟೇಪರ್ ರೋಲರ್ ಬೇರಿಂಗುಗಳು ಎದುರುಬದುರಾಗಿ ಕೂತಿರುತ್ತವೆ. ಅವುಗಳಲ್ಲಿ ಆಟ ಇಲ್ಲದಿದ್ದರಷ್ಟೇ ಸಾಲದು. ಭಾರ ಬಿದ್ದಾಗ ಒಂದು ಬೇರಿಂಗ್ ತುಸು ಅಮುಕಿ ಇನ್ನೊಂದು ಸಡಿಲವಾಗುತ್ತದೆ. ಪಿನಿಯನ್ ಕದಲಿ ಹಲ್ಲುಗಳು ತಪ್ಪು ಜಾಗದಲ್ಲಿ ಕೂಡುತ್ತವೆ. ಗಾಡಿಯ ಹಿಂದಿನಿಂದ ಬರುವ ಗುಂಯ್ ಸದ್ದಿಗೆ ಇದೂ ಒಂದು ಕಾರಣ. ಹಾಗಾಗದಂತೆ ಎರಡನ್ನೂ ಮೊದಲೇ ಅಮುಕಿಡುವುದು ಪ್ರೀಲೋಡ್. ಅತಿಯಾದರೆ ಬೇರಿಂಗ್ ಕಾದು ರೋಲರುಗಳ ಮೈ ಚಕ್ಕೆ ಏಳುತ್ತದೆ.

ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಬೇರಿಂಗುಗಳ ನಡುವೆ ಗಟ್ಟಿ ಬಳೆ, ಅಂದರೆ ಸ್ಪೇಸರ್ ಇರುತ್ತದೆ, ಪ್ರೀಲೋಡಿಗೆ ಅದರ ದಪ್ಪವನ್ನು ಆರಿಸಿದರೆ ಆಯಿತು. ಚಿಕ್ಕ ಗಾಡಿಗಳಲ್ಲಿ ಬೇರಿಂಗುಗಳ ನಡುವೆ ತೆಳುಗೋಡೆಯ ಉಕ್ಕಿನ ಕೊಳವೆ. ನಟ್ ಬಿಗಿದಂತೆ ಅದು ಉಬ್ಬಿ ಕುಗ್ಗಬೇಕು. ಕುಗ್ಗಲು ಶುರುವಾಗುವುದಕ್ಕೇ 300 ನ್ಯೂಟನ್ ಮೀಟರಿನಷ್ಟೋ ಅದಕ್ಕೂ ಹೆಚ್ಚೋ ತಿರುಗುಬಲ (ಟಾರ್ಕ್) ಬೇಕಾಗುತ್ತದೆ. ಆಮೇಲೆ ನಟ್ ಕೊಂಚ ತಿರುಗಿದರೂ ಪ್ರೀಲೋಡ್ ಜಿಗಿಯುತ್ತದೆ. ಮಿತಿ ಮೀರಿತೆಂದು ನಟ್ ಸಡಿಲಿಸಿದರೆ ಕುಗ್ಗಿದ ಉಕ್ಕು ಮತ್ತೆ ಉದ್ದವಾಗುವುದಿಲ್ಲ. ಹೊಸ ಕೊಳವೆಯೇ ಗತಿ.

ಪ್ರೀಲೋಡ್ ಎಷ್ಟಿದೆಯೆಂದು ತಿಳಿಯುವುದು ಪಿನಿಯನ್ ತಿರುಗಿಸಲು ಬೇಕಾಗುವ ತಿರುಗುಬಲದಿಂದ. ಆ ಅಳತೆ ಮಾತ್ರ ಬಹಳ ನಾಜೂಕು. ಕ್ರೌನ್ ವ್ಹೀಲ್ ಕೂರಿಸುವ ಮೊದಲೇ, ಬೇರಿಂಗಿಗೆ ಎಣ್ಣೆ ಬಿಟ್ಟು, ರೋಲರುಗಳು ಸರಿಯಾಗಿ ಕೂರುವಂತೆ ಪಿನಿಯನ್ನನ್ನು ಹಲವು ಸುತ್ತು ತಿರುಗಿಸಬೇಕು. ನಂತರ ಪಿನಿಯನ್ನಿಗೆ ಪ್ರೊಪೆಲ್ಲರ್ ಶಾಫ್ಟ್ ಕೂಡುವ ತಟ್ಟೆಗೆ (ಫ್ಲಾಂಜ್) ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಬೇಕು. ಮೊದಲ ಜಗ್ಗಿನಲ್ಲಿ ಮುಳ್ಳು ಮೇಲೇರುವುದು ಲೆಕ್ಕಕ್ಕಿಲ್ಲ, ಒಂದೇ ಸಮ ತಿರುಗುವಾಗಿನ ಅಂಕಿ ಬೇಕು. ದಾರ ಸುತ್ತಿದ ಜಾಗದ ತ್ರಿಜ್ಯ 5 ಸೆಂಟಿಮೀಟರ್, ಎಳೆತ 4 ಕಿಲೋ ಎಂದಾದರೆ ಸುಮಾರು 2 ನ್ಯೂಟನ್ ಮೀಟರ್. ಹೊಸ ಬೇರಿಂಗುಗಳಿಗೆ ಅನೇಕ ಕಾರುಗಳಲ್ಲಿ ಬೇಕಾಗುವುದು ಹೆಚ್ಚುಕಡಿಮೆ ಇಷ್ಟೇ. ಹಳೆಯ ಬೇರಿಂಗಿಗೆ ಇದರ ಅರ್ಧದಷ್ಟು. ನಿಖರ ಅಂಕಿಗೆ ಆಯಾ ಗಾಡಿಯ ಕೈಪಿಡಿಯೇ ಪ್ರಮಾಣ. ಕೈಯಲ್ಲಿ ತಿರುಗಿಸಿ ಅಂದಾಜು ಹೇಳುವ ಹಳೆಯ ಮೇಸ್ತ್ರಿಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೂ ತಕ್ಕಡಿಯೊಂದು ಅವರ ಬಳಿ ಇರಲಿ.

ಎಣ್ಣೆ ಸೋರುತ್ತದೆಂದು ಸೀಲ್ ಬದಲಿಸಲು ಇದೇ ನಟ್ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ನಟ್ ಇದ್ದ ಜಾಗಕ್ಕೆ ಗುರುತು ಹಾಕಿ, ತಿರುಗುವ ಬಿಗಿಯನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಹಾಗೆ ಮಾಡದೆ ಗಾಳಿಯ ಗನ್ನಿನಿಂದ ಮತ್ತೆ ಬಿಗಿದರೆ, ಹೊಸ ಸೀಲಿನ ಹಿಂದೆಯೇ ಹೊಸ ಬೇರಿಂಗಿನ ಖರ್ಚೂ ಬರಬಹುದು.